ಆ ಕಂಬ ನಿಲ್ಲಿಸಿದ್ದು ಒಂದು ಕೆರೆಗಾಗಿ: ಶಿಕಾರಿಪುರ ತಾಲ್ಲೂಕಿನಲ್ಲಿ ಎರಡು ದಿನ

ಫಸ್ಟ್ ಇಯರ್‌ನ ಮೊದಲ ಕ್ಲಾಸಿನಲ್ಲಿ ಎಲ್ಲರೂ ಎದ್ದು ನಿಂತು ಹೆಸರು, ಊರು ಹೇಳಬೇಕಿತ್ತಲ್ಲ, ನೆನಪಿದೆಯಾ? ನಮ್ಮ ಗುಂಪಿನ ಸಿವಿಲ್ ಹುಡುಗ ಆವತ್ತು "ಶಿವಮೊಗ್ಗ" ಅಂತ ಒಂದೇ ಮಾತು ಹೇಳಿ ಕೂತಿದ್ದ. ಒಂದೂವರೆ ವರ್ಷ ನಾವೂ ಅವನನ್ನು ಶಿವಮೊಗ್ಗ ಸಿಟಿಯವನು ಅಂತಲೇ ಅಂದುಕೊಂಡಿದ್ವಿ.

ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಮ್ಮ ಕನ್ನಡ ಬಳಗದ ಮೀಟಿಂಗ್ ಆಯ್ತು. ಈ ಸಂಚಿಕೆಗೆ ಯಾವುದಾದರೂ ಒಂದು ತಾಲ್ಲೂಕಿನ ಬಗ್ಗೆ ಬರೆಯೋಣ, ಹಂಪಿ, ಮೈಸೂರು ಬೇಡ, ಯಾರೂ ಟೂರ್ ಪ್ಯಾಕೇಜ್ ಮಾಡದ ಜಾಗ ಬೇಕು ಅಂತ ತೀರ್ಮಾನ ಆಯ್ತು. ಆಗ ಇವನು ಮೆಲ್ಲಗೆ ಹೇಳಿದ: "ನಮ್ಮದು ಶಿಕಾರಿಪುರ ತಾಲ್ಲೂಕು. ಹಳ್ಳಿ. ಅಲ್ಲಿ ಅಂಥದ್ದೇನೂ ಇಲ್ಲ. ತಾಳಗುಂದ ಅಂತ ಒಂದಿದೆ, ಅಷ್ಟೆ."

ತಾಳಗುಂದ ಅಂದ ಕೂಡಲೇ ಒಬ್ಬಳು "ಮಯೂರನ ತಾಳಗುಂದಾನಾ?" ಅಂತ ಕೇಳಿದಳು. ಮುಂದಿನ ವಾರ ಐದು ಜನ ರಾತ್ರಿ ಬಸ್ ಹತ್ತಿದ್ವಿ. ಒಂದು ವಿಷಯ ಮೊದಲೇ ಹೇಳಿಬಿಡ್ತೀವಿ: ನಮ್ಮಲ್ಲಿ ಮೂವರು ಇಂಗ್ಲಿಷ್ ಮೀಡಿಯಂ. ಕನ್ನಡ ಓದ್ತೀವಿ, ಆದರೆ ಬಸ್ಸಿನ ಬೋರ್ಡ್ ಓದಿ ಮುಗಿಸೋ ಹೊತ್ತಿಗೆ ಬಸ್ಸು ಹೋಗಿರುತ್ತೆ. ತಪ್ಪಿದ್ದರೆ ತಿದ್ದಿ, ಬೈಬೇಡಿ.

ತಾಲ್ಲೂಕು ಎಲ್ಲಿದೆ, ಹೇಗಿದೆ

ಶಿವಮೊಗ್ಗದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ಹೋದರೆ ಶಿಕಾರಿಪುರ ಪಟ್ಟಣ. ಇದು ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಅರೆಮಲೆನಾಡು ಅಂತಾರೆ. ಬಸ್ಸಿನ ಕಿಟಕಿಯಲ್ಲಿ ಒಂದು ಕಡೆ ಭತ್ತದ ಗದ್ದೆ, ಅಡಿಕೆ ತೋಟ, ಇನ್ನೊಂದು ಕಡೆ ಮೆಕ್ಕೆಜೋಳದ ಹೊಲ. ಮಳೆ ಬರುತ್ತೆ, ಆದರೆ ಸಾಗರ, ಹೊಸನಗರದ ಹಾಗೆ ಸುರಿಯಲ್ಲ. ಬಂದ ನೀರನ್ನು ಹಿಡಿದಿಟ್ಟುಕೊಂಡರೆ ಮಾತ್ರ ಬೆಳೆ. ಹಾಗಾಗಿ ಇಲ್ಲಿ ಎಲ್ಲಿ ನೋಡಿದರೂ ಕೆರೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಊರಿಗೆ ಮೊದಲು ಮಳಿಯನಹಳ್ಳಿ, ಆಮೇಲೆ ಮಹಾದಾನಪುರ ಅಂತ ಹೆಸರಿತ್ತಂತೆ. ಹೈದರ್, ಟಿಪ್ಪು ಕಾಲದಲ್ಲಿ ಇಲ್ಲಿ ಬೇಟೆ ಚೆನ್ನಾಗಿ ಸಿಗ್ತಿತ್ತು, ಬೇಟೆಗೆ ಪರ್ಷಿಯನ್ ಭಾಷೆಯಲ್ಲಿ ಶಿಕಾರ್ ಅನ್ನೋದರಿಂದ ಶಿಕಾರಿಪುರ ಆಯ್ತು ಅಂತ ಜನ ಹೇಳ್ತಾರೆ. ಪಟ್ಟಣದಲ್ಲಿ ಹುಚ್ಚರಾಯಸ್ವಾಮಿ ದೇವಸ್ಥಾನ ಪ್ರಸಿದ್ಧ. ಹೆಸರು ಕೇಳಿ ನಗಬೇಡಿ, ಅದು ಆಂಜನೇಯ. ಆ ಹೆಸರಿನ ಕೆರೆಯೂ ಇದೆ. ಕುಮುದ್ವತಿ ನದಿ ಈ ತಾಲ್ಲೂಕಿನಲ್ಲೇ ಹರಿಯುತ್ತೆ, ಅದಕ್ಕೆ ಮೈಸೂರು ಅರಸರ ಕಾಲದ ಅಂಜನಾಪುರ ಜಲಾಶಯ ಕಟ್ಟಿದ್ದಾರೆ. ಮಳೆಗಾಲದಲ್ಲಿ ಕೋಡಿ ಬಿದ್ದಾಗ ಸುತ್ತಲಿನ ಊರಿನವರೆಲ್ಲ ನೋಡೋಕೆ ಹೋಗ್ತಾರೆ. ನಾವು ಹೋದಾಗ ಕೋಡಿ ಇರಲಿಲ್ಲ, ಮಂಡಕ್ಕಿ ಮಿರ್ಚಿ ಇತ್ತು.

ತಾಳಗುಂದ: ಓದೋಕೆ ಹೋದ ಹುಡುಗನ ಕಥೆ

ಶಿಕಾರಿಪುರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಶಿರಾಳಕೊಪ್ಪ. ಅದರ ಹತ್ತಿರವೇ ತಾಳಗುಂದ. ಹಳೆಯ ಹೆಸರು ಸ್ಥಾನಕುಂದೂರು. ಸಣ್ಣ ಊರು, ಸಣ್ಣ ದೇವಸ್ಥಾನ, ಪ್ರಣವೇಶ್ವರ. ಎದುರಿಗೆ ಎಂಟು ಮುಖದ ಒಂದು ಎತ್ತರದ ಕಲ್ಲಿನ ಕಂಬ. ಗೊತ್ತಿಲ್ಲದವರು ಪಕ್ಕದಲ್ಲೇ ನಿಂತು ಫೋನ್ ನೋಡ್ತಾ ಇದ್ದುಬಿಡಬಹುದು. ನಾವೂ ಹತ್ತು ನಿಮಿಷ ಹಾಗೇ ಮಾಡಿದ್ವಿ.

ಕನ್ನಡ ನಾಡಿನ ಮೊದಲ ರಾಜವಂಶ ಕದಂಬರು ಅಂತ ಸ್ಕೂಲಲ್ಲಿ ಓದಿದ್ದೀವಲ್ಲ, ಆ ಕಥೆ ನಮಗೆ ಸಿಕ್ಕಿದ್ದೇ ಈ ಕಂಬದಿಂದ. 1975ರ ಡಾ. ರಾಜ್‌ಕುಮಾರ್ ಅವರ ‘ಮಯೂರ’ ಸಿನಿಮಾ ದೇವುಡು ಅವರ ಕಾದಂಬರಿಯಿಂದ ಬಂತು. ಆದರೆ ಮಯೂರ ಅನ್ನೋ ವ್ಯಕ್ತಿಯ ಕಥೆಗೆ ಮೂಲ ಈ ಕಲ್ಲು. ಶಾಸನ ಸಂಸ್ಕೃತದಲ್ಲಿದೆ, ಪದ್ಯದಲ್ಲಿದೆ. ಬರೆದವನು ಕುಬ್ಜ ಅನ್ನೋ ಕವಿ. ತಾನು ಮಾಡಿದ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಅಂತ ಹೇಳಿಕೊಂಡಿದ್ದಾನೆ. ಕಾಲ ಸುಮಾರು ಕ್ರಿ.ಶ. 450ರ ಆಸುಪಾಸು, ಶಾಂತಿವರ್ಮ ರಾಜನಾಗಿದ್ದಾಗ. ಸಾಲುಗಳು ನಾವು ಪುಸ್ತಕ ಓದೋ ಹಾಗೆ ಅಡ್ಡಕ್ಕಿಲ್ಲ, ಕಂಬದ ಉದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ನಮ್ಮ ಮೆಕ್ಯಾನಿಕಲ್ ಹುಡುಗ ಕತ್ತು ವಾರೆ ಮಾಡಿ ನೋಡಿ, "ನೇರವಾಗಿದ್ದಿದ್ದರೆ ಓದಿಬಿಡ್ತಿದ್ದೆ" ಅಂದ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಿ. ಎಲ್. ರೈಸ್ ಇದನ್ನು ಬೆಳಕಿಗೆ ತಂದ ಮೇಲೆ ಕದಂಬರ ವಂಶಾವಳಿ ಹೊರಗೆ ಬಂತು.

ಕಥೆ ನಮ್ಮಂಥವರಿಗೆ ಬಹಳ ಹತ್ತಿರದ್ದು. ಮನೆ ಪಕ್ಕ ಬೆಳೆದಿದ್ದ ಕದಂಬ ಮರದಿಂದ ಹೆಸರು ಪಡೆದ ಒಂದು ಬ್ರಾಹ್ಮಣ ಕುಟುಂಬ. ಅದರಲ್ಲಿ ಮಯೂರಶರ್ಮ ಅಂತ ಹುಡುಗ. ಹೆಚ್ಚಿನ ಓದಿಗೆ ಗುರು ವೀರಶರ್ಮರ ಜೊತೆ ಪಲ್ಲವರ ಕಂಚಿಗೆ ಹೋಗ್ತಾನೆ. ಅಲ್ಲಿ ಘಟಿಕಾಸ್ಥಾನ, ಅಂದರೆ ಆಗಿನ ದೊಡ್ಡ ವಿದ್ಯಾಕೇಂದ್ರ. ಹೊರರಾಜ್ಯಕ್ಕೆ ಓದೋಕೆ ಹೋದ ಸ್ಟೂಡೆಂಟ್ ಅಂತಲೇ ಇಟ್ಟುಕೊಳ್ಳಿ. ಅಲ್ಲಿ ಪಲ್ಲವರ ಕುದುರೆ ಸವಾರರ ಜೊತೆ ಜಗಳ ಆಗುತ್ತೆ, ಅವಮಾನ ಆಗುತ್ತೆ. ದರ್ಭೆ, ಸಮಿತ್ತು ಹಿಡಿದು ಅಭ್ಯಾಸವಿದ್ದ ಕೈ ಕತ್ತಿ ಹಿಡೀತು ಅನ್ನೋ ಅರ್ಥ ಬರೋ ಹಾಗೆ ಕುಬ್ಜ ಬರೀತಾನೆ. ಮಯೂರ ಶ್ರೀಪರ್ವತದ ಕಡೆಯ ಕಾಡು ಸೇರಿ ಪಲ್ಲವರ ಗಡಿ ಕಾಯುವವರನ್ನು ಸೋಲಿಸಿದ, ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ. ಕೊನೆಗೆ ಪಲ್ಲವರೇ ಅವನ ರಾಜ್ಯ ಒಪ್ಪಿಕೊಂಡರು. ಮಗ ಕಂಗವರ್ಮನ ಕಾಲಕ್ಕೆ ‘ಶರ್ಮ’ ಹೋಗಿ ‘ವರ್ಮ’ ಆಯ್ತು.

ಇಷ್ಟೆಲ್ಲ ಓದಿದ ಮೇಲೆ ಯಾರಿಗಾದರೂ ಈ ಕಂಬ ಯುದ್ಧ ಗೆದ್ದಿದ್ದಕ್ಕೆ ನಿಲ್ಲಿಸಿದ್ದು ಅನಿಸುತ್ತೆ. ನಮಗೂ ಹಾಗೇ ಅನಿಸಿತ್ತು. ಶಾಸನದ ಕೊನೆ ಭಾಗದ ಅನುವಾದ ಓದಿದಾಗಲೇ ಗೊತ್ತಾಗಿದ್ದು: ಇಡೀ ಶಾಸನ ಬರೆದಿದ್ದು ಒಂದು ಕೆರೆಗಾಗಿ. ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮ ಇಲ್ಲಿನ ಶಿವಾಲಯದ ಹತ್ತಿರ ದೊಡ್ಡ ಕೆರೆ ಕಟ್ಟಿಸಿದ. ಹಿಂದೆ ಸಾತಕರ್ಣಿ ಮೊದಲಾದ ರಾಜರು ಪೂಜಿಸಿದ ದೇವಸ್ಥಾನ ಅದು, ಅಲ್ಲಿ ನೀರಿಗೆ ಆಸರೆ ಬೇಕು ಅಂತ ಈ ಕೆರೆ. ಆ ಕೆಲಸ ದಾಖಲಿಸೋಕೆ ಹೊರಟ ಕವಿ, ಕಟ್ಟಿಸಿದವನ ವಂಶ ಯಾವುದು ಅಂತ ಹೇಳುವಾಗ ಮಯೂರನ ಕಥೆಯನ್ನೂ ಹೇಳಿದ. ಇವತ್ತಿನ ಲೆಕ್ಕದಲ್ಲಿ ಹೇಳೋದಾದರೆ, ಒಂದು ನೀರಾವರಿ ಕಾಮಗಾರಿಯ ಉದ್ಘಾಟನಾ ಫಲಕದಿಂದ ನಮಗೆ ನಾಡಿನ ಮೊದಲ ರಾಜವಂಶದ ಇತಿಹಾಸ ಸಿಕ್ಕಿದೆ!

ಇನ್ನೊಂದು ವಿಷಯ. ಮೊದಲ ಕನ್ನಡ ಶಾಸನ ಯಾವುದು ಅಂದರೆ ಹಲ್ಮಿಡಿ, ಸುಮಾರು 450 ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ. ಇದೇ ಪ್ರಣವೇಶ್ವರ ದೇವಸ್ಥಾನದ ಆವರಣದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2013-14ರ ಸುಮಾರಿಗೆ ಅಗೆದಾಗ ಸಿಂಹದ ಕೆತ್ತನೆ ಇರುವ ಕಟಾಂಜನ, ಅಂದರೆ ಮೆಟ್ಟಿಲ ಪಕ್ಕದ ಕಲ್ಲು ಸಿಕ್ಕಿತು. ಅದರ ಮೇಲೆ ಸಂಸ್ಕೃತ ಮತ್ತು ಕನ್ನಡ ಬೆರೆತ ಬರಹ ಇದೆ. ಇಲಾಖೆಯ ವರದಿ ಅದರ ಕಾಲವನ್ನು ಕ್ರಿ.ಶ. 370 ಅಂತ ಗುರುತಿಸಿದೆ, ಅಂದರೆ ಹಲ್ಮಿಡಿಗಿಂತ ಹಿಂದಿನದು. ಅದರಲ್ಲಿರೋದು ಯುದ್ಧ ಅಲ್ಲ, ಒಬ್ಬ ಅಂಬಿಗನಿಗೆ ಜಮೀನು ಕೊಟ್ಟ ವಿಷಯ. ದೋಣಿ ನಡೆಸೋನಿಗೆ ಕೊಟ್ಟ ಹೊಲದ ಪತ್ರ ನಮ್ಮ ಭಾಷೆಯ ಅತಿ ಹಳೆಯ ಬರಹಗಳಲ್ಲಿ ಒಂದು ಅಂದರೆ ನಂಬೋಕಾಗುತ್ತಾ?

ಬಳ್ಳಿಗಾವಿ: ಕೆರೆ ಕೋಡಿಯ ಪಕ್ಕದ ಕ್ಯಾಂಪಸ್

ತಾಳಗುಂದದಿಂದ ಬಳ್ಳಿಗಾವಿಗೆ ಆಟೋದಲ್ಲಿ ಹೋದ್ವಿ. 11, 12ನೇ ಶತಮಾನದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ಅನ್ನೋ ದೊಡ್ಡ ಪ್ರಾಂತ್ಯದ ರಾಜಧಾನಿ. ಈಗ ಹಂಚಿನ ಮನೆಗಳ ಸಾಧಾರಣ ಊರು. ಮನೆಗಳ ನಡುವೆಯೇ ಚಾಲುಕ್ಯರ ಕಾಲದ ದೇವಸ್ಥಾನಗಳು ನಿಂತಿವೆ.

ಕೇದಾರೇಶ್ವರ ದೇವಸ್ಥಾನಕ್ಕೆ ಮೂರು ಗರ್ಭಗುಡಿ, ಮೂರು ಶಿಖರ. ಪಕ್ಕದಲ್ಲೇ ಕೆರೆ. ಇಲ್ಲಿ ಕಾಳಾಮುಖ ಶೈವರ ಒಂದು ಮಠ ಇತ್ತು, ಹೆಸರು ಕೋಡಿಯ ಮಠ. ಕೋಡಿ ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯೋ ಜಾಗ, ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ವಿಯರ್ ಅಂತ ಓದ್ತೀವಲ್ಲ, ಅದೇ. ಮಠಕ್ಕೆ ಹೆಸರೇ ಕೆರೆಯಿಂದ.

1162ರ ಒಂದು ಶಾಸನ ಈ ಮಠದಲ್ಲಿ ಏನೇನು ನಡೀತಿತ್ತು ಅಂತ ಪಟ್ಟಿ ಕೊಡುತ್ತೆ. ನಾಲ್ಕು ವೇದ, ಪಾಣಿನಿ, ಶಾಕಟಾಯನ ಮುಂತಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಸಾಂಖ್ಯ, ಮೀಮಾಂಸೆ, ಯೋಗ, ಪುರಾಣಗಳು, ಜೊತೆಗೆ ಬೌದ್ಧ ದರ್ಶನವೂ. ಶೈವ ಮಠದಲ್ಲಿ ಬೌದ್ಧ ದರ್ಶನದ ಪಾಠ, ಅಂದರೆ ಓಪನ್ ಇಲೆಕ್ಟಿವ್ ಆಗಲೇ ಇತ್ತು ಅಂತ ನಮ್ಮ ಇಸಿ ಹುಡುಗಿ ಹೇಳಿದಳು. ಅಷ್ಟಕ್ಕೇ ಪಟ್ಟಿ ನಿಲ್ಲಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಊಟ ಕೊಡೋ ಜಾಗ. ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೆ ಊಟ ಕೊಡೋ ಜಾಗ. ಯಾರೂ ಇಲ್ಲದ ರೋಗಿಗಳಿಗೆ ಔಷಧ ಕೊಡೋ ಜಾಗ. ಎಲ್ಲ ಜೀವಿಗಳಿಗೆ ಭಯವಿಲ್ಲದ ಜಾಗ. ನಮ್ಮ ಕಾಲೇಜಿನ ಬ್ರೋಷರ್‌ನಲ್ಲೂ ಸೌಲಭ್ಯಗಳ ಪಟ್ಟಿ ಇದೆ, ವೈಫೈಯಿಂದ ಶುರುವಾಗುತ್ತೆ. ಹೋಲಿಸಿ ಜಗಳ ತೆಗೆಯೋದು ಬೇಡ. ಆದರೆ ಮಠದ ಪಟ್ಟಿ ಓದಿದ ಮೇಲೆ ಐದು ಜನವೂ ಸ್ವಲ್ಪ ಹೊತ್ತು ಸುಮ್ಮನಿದ್ವಿ.

ಊರಲ್ಲಿ ಶೈವರಷ್ಟೇ ಇರಲಿಲ್ಲ. ವೈಷ್ಣವ, ಜೈನ, ಬೌದ್ಧ ನೆಲೆಗಳೂ ಇದ್ದವು ಅಂತ ಶಾಸನಗಳಿಂದ ಗೊತ್ತಾಗುತ್ತೆ. ಒಂದು ಬೌದ್ಧ ವಿಹಾರದ ಬಗ್ಗೆ 1065ರ ಶಾಸನವೇ ಇದೆ.

ತ್ರಿಪುರಾಂತಕೇಶ್ವರ ದೇವಸ್ಥಾನ ತಪ್ಪಿಸಬೇಡಿ. ಬಾಗಿಲಿನ ಸುತ್ತಲಿನ ಕೆತ್ತನೆ ಮತ್ತು ಕಲ್ಲಿನ ಜಾಲಂಧ್ರ ನೋಡೋಕೇ ಅರ್ಧ ಗಂಟೆ ಬೇಕು. ಹೊರಗಿನ ಕೆಳಪಟ್ಟಿಯಲ್ಲಿ ಪಂಚತಂತ್ರದ ಕಥೆಗಳು ಸಣ್ಣ ಸಣ್ಣದಾಗಿ ಕೆತ್ತಿವೆ.

ಆಮೇಲೆ ಗಂಡಭೇರುಂಡ ಕಂಬ. 1047ರಲ್ಲಿ ಚಾಲುಕ್ಯರ ಸಾಮಂತ ಚಾಮುಂಡರಾಯರಸ ನಿಲ್ಲಿಸಿದ್ದು, ಎತ್ತರ ಸುಮಾರು 30 ಅಡಿ. ಅದರ ಗಂಡಭೇರುಂಡ ಮನುಷ್ಯನ ಮೈ, ಎರಡು ಹಕ್ಕಿಯ ತಲೆ ಇರುವ ರೂಪ. ಇದೇ ಎರಡು ತಲೆಯ ಹಕ್ಕಿ ಮುಂದೆ ಮೈಸೂರು ಅರಸರ ಲಾಂಛನ ಆಯ್ತು, ಈಗ ನಮ್ಮ ರಾಜ್ಯದ ಲಾಂಛನದಲ್ಲಿದೆ. ನಾವು ಬಂದ ಸರ್ಕಾರಿ ಬಸ್ಸಿನ ಮೇಲೂ ಅದೇ ಇತ್ತು! ಬಳ್ಳಿಗಾವಿ ಕಡೆಯ ದಾನ ಶಾಸನಗಳಲ್ಲಿ ಗದ್ದೆ ಅಳೆಯೋಕೆ ‘ಭೇರುಂಡ ಗಳೆ’ ಅನ್ನೋ ಅಳತೆಕೋಲಿನ ಹೆಸರು ಬರುತ್ತೆ. ಸರ್ವೇ ಲ್ಯಾಬಿನಲ್ಲಿ ಚೈನ್ ಎಳೆದು ಸುಸ್ತಾದವರು ಇದಕ್ಕೆ ಒಂದು ನಮಸ್ಕಾರ ಹಾಕಬಹುದು.

ಬೇಲೂರಿಗೆ ಹೋದವರು ಮದನಿಕೆಯರ ಮುಂದೆ ಸೆಲ್ಫಿ ತೆಗೆದುಕೊಂಡಿರ್ತೀರಿ. ಅವುಗಳಲ್ಲಿ ಕೆಲವನ್ನು ಕೆತ್ತಿದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು. ಕಲ್ಲಿನ ಮೇಲೆ ಹೆಸರಿನ ಜೊತೆ ಊರಿನ ಹೆಸರನ್ನೂ ಕೆತ್ತಿದ್ದಾರೆ. ಇದನ್ನು ಓದಿ ಹೇಳಿದಾಗ ನಮ್ಮ ಸಿವಿಲ್ ಹುಡುಗ ಏನೂ ಮಾತಾಡಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು.

ಉಡುತಡಿ, ಬಂದಳಿಕೆ

ಅಲ್ಲಮಪ್ರಭು ಹುಟ್ಟಿದ್ದು ಬಳ್ಳಿಗಾವಿಯಲ್ಲಿ, ಅಕ್ಕಮಹಾದೇವಿ ಹುಟ್ಟಿದ್ದು ಉಡುತಡಿಯಲ್ಲಿ ಅಂತ ಪರಂಪರೆ ಹೇಳುತ್ತೆ. ಎರಡೂ ಇದೇ ತಾಲ್ಲೂಕು. 12ನೇ ಶತಮಾನದಲ್ಲಿ ಅಕ್ಕ ಅರಮನೆ ಬಿಟ್ಟು ಒಬ್ಬಳೇ ನಡೆದು ಕಲ್ಯಾಣಕ್ಕೆ ಹೋದಾಗ, ಅನುಭವ ಮಂಟಪದಲ್ಲಿ ಕಠಿಣ ಪ್ರಶ್ನೆ ಕೇಳಿದವನು ಅಲ್ಲಮ. ವೈವಾ ಅಂದರೆ ಅದು. ಎಷ್ಟೋ ದೂರದ ಊರಲ್ಲಿ ಎದುರುಬದುರು ನಿಂತ ಇಬ್ಬರೂ ಒಂದೇ ತಾಲ್ಲೂಕಿನವರು ಅನ್ನೋದು ನಮಗೆ ಇಲ್ಲಿಗೆ ಬರೋವರೆಗೆ ಹೊಳೆದಿರಲಿಲ್ಲ. ಉಡುತಡಿಯಲ್ಲಿ ಈಗ ಅಕ್ಕನ ಎತ್ತರದ ಪ್ರತಿಮೆ ಇದೆ.

ಬಂದಳಿಕೆ ತಾಲ್ಲೂಕಿನ ಉತ್ತರದ ಅಂಚಿಗೆ. ನಾಗರಖಂಡ ಎಪ್ಪತ್ತು ಅನ್ನೋ ನಾಡಿನ ಮುಖ್ಯ ಊರಾಗಿತ್ತು. ಈಗ ಗಿಡಮರಗಳ ನಡುವೆ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ, ಸೋಮೇಶ್ವರ ದೇವಸ್ಥಾನಗಳಿವೆ. ನಾವು ಹೋದಾಗ ನಮ್ಮನ್ನು ಬಿಟ್ಟರೆ ಎರಡು ಎಮ್ಮೆ ಮಾತ್ರ ಇದ್ದವು.

ಇಲ್ಲಿನ ಒಂದು ಶಾಸನದಲ್ಲಿ ಜಕ್ಕಿಯಬ್ಬೆಯ ಕಥೆ ಇದೆ. 10ನೇ ಶತಮಾನದ ಆರಂಭ, ರಾಷ್ಟ್ರಕೂಟರ ಕಾಲ. ನಾಡಿನ ಆಡಳಿತ ನೋಡ್ತಿದ್ದ ಗಂಡ ತೀರಿಕೊಂಡ ಮೇಲೆ ಆ ಅಧಿಕಾರವನ್ನು ಹೆಂಡತಿ ಜಕ್ಕಿಯಬ್ಬೆಗೇ ಕೊಡ್ತಾರೆ. ನಾಗರಖಂಡ ಎಪ್ಪತ್ತನ್ನು ಚೆನ್ನಾಗಿ ಆಳಿದಳು ಅಂತ ಶಾಸನ ಹೊಗಳುತ್ತೆ. ಕಾಯಿಲೆ ಬಿದ್ದಾಗ ಮಗಳನ್ನು ಕರೆಸಿ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಉಪವಾಸ ವ್ರತ ಹಿಡಿದು ಪ್ರಾಣ ಬಿಟ್ಟಳು. ಅಧಿಕಾರ ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ. ಸಾವಿರ ವರ್ಷದ ಹಿಂದೆ, ಒಂದು ಹಳ್ಳಿಯಲ್ಲಿ.

ಈಸೂರು

ಈ ಊರಿನ ಬಗ್ಗೆ ತಮಾಷೆ ಮಾಡೋಕೆ ಏನೂ ಇಲ್ಲ. 1942, ಕ್ವಿಟ್ ಇಂಡಿಯಾ ಚಳವಳಿ. ಶಿಕಾರಿಪುರ ಆಗ ಮೈಸೂರು ಸಂಸ್ಥಾನದಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಈಸೂರಿನ ಜನ ಕಂದಾಯ ಕೊಡಲ್ಲ ಅಂದರು, ಬಾವುಟ ಹಾರಿಸಿದರು, ನಮ್ಮ ಊರು ಸ್ವತಂತ್ರ ಅಂತ ಘೋಷಿಸಿದರು. ತಮ್ಮದೇ ಸರ್ಕಾರ ಮಾಡಿ, ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಅಂತ ನೇಮಿಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನೋ ಘೋಷಣೆ ಆ ಕಾಲದ್ದು.

ಅಧಿಕಾರಿಗಳು ಪೊಲೀಸರ ಜೊತೆ ಊರಿಗೆ ಬಂದಾಗ ಘರ್ಷಣೆ ಆಯ್ತು, ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್ ಸತ್ತರು. ಆಮೇಲೆ ಊರಿನ ಮೇಲೆ ಆದ ದಾಳಿಯಲ್ಲಿ ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. ಹೆಣ್ಣುಮಕ್ಕಳೂ ಜೈಲಿಗೆ ಹೋದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಊರಿನಲ್ಲಿ ಹುತಾತ್ಮರ ಸ್ಮಾರಕ ಇದೆ. ಇಲ್ಲಿ ಹೆಸರುಗಳು ಈಗಿನ ಕನ್ನಡದಲ್ಲೇ ಇವೆ, ನಿಧಾನಕ್ಕಾದರೂ ನಾವೇ ಓದಿದ್ವಿ. ಐದೂ ಹೆಸರನ್ನು ಜೋರಾಗಿ ಓದಿ ಹೇಳಿ ಅಂತ ಅಲ್ಲಿದ್ದ ಹಿರಿಯರೊಬ್ಬರು ಕೇಳಿದರು. ಓದಿದ್ವಿ.

ಕೊನೆಗೆ ಅವನ ಊರು

ಎರಡನೇ ದಿನ ಸಂಜೆ ಗೆಳೆಯನ ಮನೆಗೆ ಹೋದ್ವಿ. ಊರಿನ ಹೆಸರು ಬರೀಬೇಡಿ ಅಂದಿದ್ದಾನೆ, ಬರೆಯಲ್ಲ. ಅಮ್ಮ ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದರು. ಎಷ್ಟು ತಿಂದ್ವಿ ಅಂತ ಇಲ್ಲಿ ಬರೆಯೋದು ಬೇಡ.

ಅವನ ಅಜ್ಜ ಹಿಂದೆ ಊರ ಕೆರೆಯ ನೀರುಗಂಟಿ. ತೂಬು ಎತ್ತೋದು, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡಿಕೊಳ್ಳೋದು ಅವರ ಕೆಲಸ. ಊಟ ಆದ ಮೇಲೆ ಕೆರೆ ಏರಿ ಮೇಲೆ ಕರೆದುಕೊಂಡು ಹೋದರು. "ಏನ್ ಓದಾಕ್ಹತ್ತೀರಪ್ಪ?" ಅಂದರು. ಇವನು ಸಿವಿಲ್, ನಾವೆಲ್ಲ ಬೇರೆ ಬೇರೆ ಬ್ರಾಂಚು ಅಂದ್ವಿ.

"ಹಂಗಾರೆ ಹೇಳ್ರಿ ನೋಡನ, ಈ ಕೆರಿಗೆ ಎಷ್ಟು ನೀರು ಹಿಡೀತತಿ?"

ಐದು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೆರೆ ನೋಡ್ತಾ ನಿಂತ್ವಿ. ವಿಸ್ತೀರ್ಣ ಗೊತ್ತಿಲ್ಲ, ಆಳ ಗೊತ್ತಿಲ್ಲ. ಒಬ್ಬ ಗೂಗಲ್ ಮ್ಯಾಪ್ ತೆಗೆದ, ನೆಟ್‌ವರ್ಕ್ ಇರಲಿಲ್ಲ.

ಅಜ್ಜ ತೂಬಿನ ಕಲ್ಲುಕಂಬದ ಮೇಲೆ ಒಂದು ಗೆರೆ ತೋರಿಸಿದರು. ನೀರು ಆ ಗೆರೆ ಮುಟ್ಟಿದರೆ ಕೆಳಗಿನ ಗದ್ದೆಗಳಿಗೆಲ್ಲ ಕೊಯ್ಲಿನ ತನಕ ಸಾಕು, ಅದಕ್ಕಿಂತ ಕೆಳಗಿದ್ದರೆ ಮೇಲಿನವರಿಗೆ ಮಾತ್ರ. ಯಾರೂ ಸೂತ್ರ ಬರೆದಿಲ್ಲ, ಗೆರೆ ಇತ್ತು ಅಷ್ಟೆ. ಆಮೇಲೆ ಅವರು ಹೇಳಿದ ಮಾತು ನಮಗೆ ಮೊದಲು ಅರ್ಥವೇ ಆಗಲಿಲ್ಲ: "ಈಗ ಕೆರಿ ತುಂಬತತಿ. ಆದ್ರ ನೀರು ಇರಲ್ಲ."

ಅರ್ಥ ಆಗಿದ್ದು ಹೀಗೆ. ಕೋಡಿಯ ಎತ್ತರ ಬದಲಾಗಲ್ಲ. ನೀರು ಕೋಡಿ ಮಟ್ಟಕ್ಕೆ ಬಂದರೆ ಕೆರೆ ತುಂಬಿತು ಅಂತೀವಿ. ಆದರೆ ಪ್ರತಿ ಮಳೆಗೆ ಹೂಳು ಬಂದು ತಳ ಮೇಲೇರ್ತಾ ಹೋಗುತ್ತೆ. ಒಂದು ಉದಾಹರಣೆ ತಗೊಳ್ಳಿ: 10 ಹೆಕ್ಟೇರ್ ಕೆರೆ, ಸರಾಸರಿ ಆಳ 3 ಮೀಟರ್ ಅಂದರೆ 3 ಲಕ್ಷ ಘನ ಮೀಟರ್ ನೀರು. 1 ಮೀಟರ್ ಹೂಳು ಕೂತರೆ 1 ಲಕ್ಷ ಘನ ಮೀಟರ್ ಹೋಯ್ತು, ಅಂದರೆ 10 ಕೋಟಿ ಲೀಟರ್. ಏರಿ ಮೇಲೆ ನಿಂತು ನೋಡಿದರೆ ಮಾತ್ರ ಕೆರೆ ಮೊದಲಿನ ಹಾಗೇ ಕಾಣುತ್ತೆ, ಅದೇ ಅಗಲ, ಅದೇ ಮಟ್ಟ. ಅಗಲ ಅಷ್ಟೇ ಇರೋದರಿಂದ ಬಿಸಿಲಿಗೆ ಆವಿಯಾಗೋದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ದಸರಾಗೆ ತುಂಬಿ ತುಳುಕಿದ ಕೆರೆ ಬೇಸಿಗೆಗೆ ಮೊದಲೇ ಒಣಗುತ್ತೆ.

ಮೊದಲು ಬೇಸಿಗೆಯಲ್ಲಿ ಊರವರೇ ಗಾಡಿ ಕಟ್ಟಿ ಹೂಳು ತೆಗೆದು ಹೊಲಕ್ಕೆ ಹಾಕ್ತಿದ್ದರಂತೆ. ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ‘ಕಟ್ಟುಕೊಡಗೆ’ ಅಂತ ಜಮೀನು ಬಿಡ್ತಿದ್ದರು. ಕೆರೆ ಕಟ್ಟಿದರೆ ಸಾಲದು, ಪ್ರತಿ ವರ್ಷ ಯಾರಾದರೂ ಅದಕ್ಕೆ ದುಡೀಬೇಕು ಅಂತ ಅವರಿಗೆ ಗೊತ್ತಿತ್ತು. ಈಗ ಗೆಳೆಯನ ಅಪ್ಪನ ತೋಟಕ್ಕೆ ಬೋರ್‌ವೆಲ್ ಇದೆ, ಅಕ್ಕಪಕ್ಕದವರಿಗೂ ಇದೆ. ಕೆರೆ ಯಾರಿಗೂ ಅಷ್ಟಾಗಿ ಬೇಕಾಗಿಲ್ಲ. ನೀರುಗಂಟಿ ಕೆಲಸಕ್ಕೆ ಅಜ್ಜನ ನಂತರ ಯಾರೂ ಬರಲಿಲ್ಲ. "ಬೋರಿಗೆ ನೀರು ಎಲ್ಲಿಂದ ಬರತತಿ ಅಂತ ಯಾರೂ ಕೇಳಲ್ಲ" ಅಂದರು. ಕೆರೆಯಿಂದ ಇಂಗೋ ನೀರೂ ಬಾವಿ, ಬೋರ್‌ಗಳಿಗೆ ಸೇರುತ್ತೆ ಅಂತ ನಮ್ಮ ಸಿಲೆಬಸ್‌ನಲ್ಲೇ ಇದೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೀವಿ.

ಅಜ್ಜ ಮನೆಗೆ ಹೋದ ಮೇಲೂ ನಾವು ಏರಿ ಮೇಲೇ ಕೂತಿದ್ವಿ. ಆಗ ಅವನು ಹೇಳಿದ. ಹಾಸ್ಟೆಲ್‌ಗೆ ಬಂದ ಮೊದಲ ಸಂಜೆ ಯಾರೋ ಊರು ಕೇಳಿದಾಗ ತನ್ನ ಹಳ್ಳಿಯ ಹೆಸರನ್ನೇ ಹೇಳಿದ್ದನಂತೆ. "ಅದು ಮ್ಯಾಪ್‌ನಲ್ಲಿ ಇದೆಯಾ?" ಅಂತ ಒಬ್ಬರು ಅಂದರು, ಇಡೀ ರೂಮು ನಕ್ಕಿತು. ಮರುದಿನ ಕ್ಲಾಸಿನಲ್ಲಿ ಅದಕ್ಕೇ ಶಿವಮೊಗ್ಗ ಅಂದ. ದಾಸೋಜ ಬೇಲೂರಿನ ಕಲ್ಲಿನ ಮೇಲೆ ತನ್ನ ಊರಿನ ಹೆಸರು ಕೆತ್ತಿದ್ದ ಅಂತ ಬಳ್ಳಿಗಾವಿಯಲ್ಲಿ ಓದಿದಾಗ ಅದು ನೆನಪಾಯ್ತಂತೆ.

ಆವತ್ತು ಆ ರೂಮಿನಲ್ಲಿ ನಕ್ಕವರಲ್ಲಿ ನಾವೂ ಇದ್ವಿ. ಇಬ್ಬರಂತೂ ಖಂಡಿತ ಇದ್ವಿ. ಸಾರಿ ಅಂದ್ವಿ. "ಬಿಡ್ರೋ, ಈಗ ಬಂದ್ರಲ್ಲ" ಅಂದ. ನಮಗೆ ಇನ್ನೂ ಅಷ್ಟು ಸುಲಭವಾಗಿ ಬಿಡೋಕೆ ಆಗಿಲ್ಲ, ಅದಕ್ಕೇ ಇದನ್ನು ಇಲ್ಲಿ ಬರೀತಿದ್ದೀವಿ. ಈ ಭಾಗ ಹಾಕೋಕೆ ಅವನು ಒಪ್ಪಿದ್ದಾನೆ.

ನೀವು ಹೋಗೋದಾದರೆ

ರೈಲಿನಲ್ಲಿ ಶಿವಮೊಗ್ಗದವರೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಶಿಕಾರಿಪುರ, ಶಿರಾಳಕೊಪ್ಪ. ಶಿರಾಳಕೊಪ್ಪ ಇಳಿದರೆ ತಾಳಗುಂದ, ಬಳ್ಳಿಗಾವಿ ಎರಡನ್ನೂ ಆಟೋದಲ್ಲಿ ಅರ್ಧ ದಿನದಲ್ಲಿ ನೋಡಬಹುದು. ಬಂದಳಿಕೆಗೆ ಬಸ್ಸು ಕಡಿಮೆ, ಬೈಕ್ ಅಥವಾ ಕಾರು ಇದ್ದರೆ ಒಳ್ಳೆಯದು. ಅಲ್ಲಿ ಅಂಗಡಿ ಹುಡುಕಬೇಡಿ, ನೀರು ತಗೊಂಡು ಹೋಗಿ. ಮಳೆ ಮುಗಿದು ಗದ್ದೆ ಹಸಿರಿರೋ ಅಕ್ಟೋಬರ್, ನವೆಂಬರ್ ಚೆನ್ನ. ಶಾಸನದ ಕಲ್ಲುಗಳಿಗೆ ಒರಗಬೇಡಿ, ಸೀಮೆಸುಣ್ಣ ಹಚ್ಚಬೇಡಿ. ಹೋಗೋ ಮೊದಲು ಶಾಸನಗಳ ಅನುವಾದ ಒಂದಾದರೂ ಓದಿಕೊಂಡು ಹೋಗಿ, ಇಲ್ಲದಿದ್ದರೆ ನಮ್ಮ ಹಾಗೆ ಕಂಬದ ಪಕ್ಕ ನಿಂತು ಫೋನ್ ನೋಡ್ತೀರಿ.

ಇನ್ನು ಅಜ್ಜನ ಪ್ರಶ್ನೆಗೆ ಉತ್ತರ ಬಾಕಿ ಇದೆ. ಕೆರೆ ಒಣಗಿದಾಗ ತಳದ ಮಟ್ಟ ಅಳೆಯೋದು ಸುಲಭ. ಹಾಗಾಗಿ ಬೇಸಿಗೆ ರಜೆಯಲ್ಲಿ ಮತ್ತೆ ಹೋಗ್ತಿದ್ದೀವಿ: ಕೋಡಿಯ ಮಟ್ಟ ತೆಗೆದು, ಕೆರೆ ತುಂಬ ಚೌಕ ಹಾಕಿ ಒಂದೊಂದು ಕಡೆ ಆಳ ಅಳೆದು, ಎಷ್ಟು ನೀರು ಹಿಡಿಯುತ್ತೆ ಅಂತ ಲೆಕ್ಕ ಹಾಕೋದು. ಅಲ್ಲಲ್ಲಿ ಗುಂಡಿ ತೋಡಿದರೆ ಹೂಳು ಎಷ್ಟು ಕೂತಿದೆ ಅಂತಲೂ ಅಂದಾಜು ಸಿಗಬಹುದು. ಸಿವಿಲ್ ಲ್ಯಾಬಿನ ಲೆವೆಲ್ ಕೇಳಿದ್ದೀವಿ, ಸಿಗದಿದ್ದರೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡೋದು, ಮೇಸ್ತ್ರಿಗಳು ಮಾಡೋ ಹಾಗೆ. ಯಾವ ಬ್ರಾಂಚಾದರೂ ಸರಿ, ಬರೋರು ಕನ್ನಡ ಬಳಗದ ರೂಮಿಗೆ ಬಂದು ಹೆಸರು ಕೊಡಿ. ಹೆಸರಿನ ಜೊತೆ ಊರನ್ನೂ ಬರೀರಿ, ಪೂರ್ತಿ ಹೆಸರು. 30 ಮೀಟರ್ ಟೇಪ್ ಇರೋರು ತನ್ನಿ, ನಮ್ಮ ಹತ್ತಿರ ಒಂದೇ ಇದೆ. ಅಕ್ಕಿ ರೊಟ್ಟಿ ಅಮ್ಮನ ಜವಾಬ್ದಾರಿ.